ನಡೆಯುತ್ತಿರುವ ಕೋರ್ ಸ್ವಿಚ್‌ಗೆ ಎರಡನೇ ಸೂಪರ್‌ವೈಸರ್ ಹಾಕುವ ಮುನ್ನ

ಪ್ರಶ್ನೆ: ಕೋಲಾರ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ವಾಹನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಐಟಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಕೋರ್ ಸ್ವಿಚ್ (ಎಲ್ಲ ಕಟ್ಟಡಗಳ ನೆಟ್‌ವರ್ಕ್ ಬಂದು ಸೇರುವ ಮುಖ್ಯ ಸ್ವಿಚ್) ಸಿಸ್ಕೊ ಕ್ಯಾಟಲಿಸ್ಟ್ 9407ಆರ್ ಚಾಸಿಸ್, ಎಂದರೆ ಕಾರ್ಡ್‌ಗಳನ್ನು ಕೂರಿಸುವ ಪೆಟ್ಟಿಗೆ. ಇದುವರೆಗೆ ಅದರ ಮೂರನೇ ಸ್ಲಾಟ್‌ನಲ್ಲಿ ಇಡೀ ಸ್ವಿಚ್ ನಡೆಸುವ ಸೂಪರ್‌ವೈಸರ್ ಕಾರ್ಡ್ ಒಂದೇ ಇತ್ತು, ಸೂಪ್-1. ಬಹಳ ದಿನ ಕೇಳಿದ ಮೇಲೆ ಆಡಳಿತ ಮಂಡಳಿ ಎರಡನೆಯದಕ್ಕೆ ಒಪ್ಪಿದೆ, ಕಾರ್ಡ್ ಬಂದು ಸ್ಟೋರ್ಸ್‌ನಲ್ಲಿದೆ. ಮಾರಿದವರು ‘ನಾಲ್ಕನೇ ಸ್ಲಾಟ್‌ಗೆ ತಳ್ಳಿ ಸಾರ್, ತಾನೇ ಸಿಂಕ್ ಆಗುತ್ತೆ’ ಎನ್ನುತ್ತಾರೆ. ನಮ್ಮಲ್ಲಿ ಮೂರು ಶಿಫ್ಟ್. ಸ್ವಿಚ್ ಆಫ್ ಮಾಡದೆ ಹಾಕಬಹುದೇ? ಹಾಕಿದ್ದು ನಿಜವಾಗಿ ಕೆಲಸಕ್ಕೆ ಬರುತ್ತದೆಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಇನ್ನು ಮುಂದೆ ಕೋರ್ ನಿಲ್ಲುವುದೇ ಇಲ್ಲ ಎಂದು ಮೇಲಿನವರಿಗೆ ಹೇಳಬಹುದೇ?

ಉತ್ತರ: ಆಫ್ ಮಾಡದೆ ಹಾಕಬಹುದು. ಈ ಚಾಸಿಸ್ ಅದಕ್ಕೆಂದೇ ಮಾಡಿದ್ದು. ಏಳು ಸ್ಲಾಟ್‌ಗಳಲ್ಲಿ ಮೂರು ಮತ್ತು ನಾಲ್ಕು ಸೂಪರ್‌ವೈಸರ್‌ಗಳಿಗೇ ಮೀಸಲು. ಮಾರಿದವರ ಮಾತು ಸುಳ್ಳಲ್ಲ, ಅರ್ಧ ನಿಜ. ಎರಡೂ ಕಾರ್ಡ್ ಎಲ್ಲ ರೀತಿಯಲ್ಲೂ ಒಂದೇ ಆಗಿದ್ದರೆ ಹೊಸದು ತಾನಾಗಿ ಸಿಂಕ್ ಆಗುತ್ತದೆ. ಅವರು ಹೇಳದೆ ಬಿಟ್ಟ ಇನ್ನರ್ಧ ಏನೆಂದರೆ, ನಿಮ್ಮ ಈಗಿನ ಫೈಬರ್‌ಗಳು ಯಾವ ಪೋರ್ಟ್‌ನಲ್ಲಿವೆ ಎಂಬುದನ್ನು ನೋಡದೆ ಕಾರ್ಡ್ ತಳ್ಳಿದರೆ ಆ ಗಳಿಗೆಯಲ್ಲೇ ಒಂದೆರಡು ಕಟ್ಟಡಗಳ ನೆಟ್‌ವರ್ಕ್ ಬೀಳಬಹುದು. ಅಲ್ಲಿಂದಲೇ ಶುರು ಮಾಡುತ್ತೇನೆ.

ಸೂಪ್-1ರ ಮುಂಭಾಗದಲ್ಲಿ ಹತ್ತು ಅಪ್‌ಲಿಂಕ್ ಪೋರ್ಟ್‌ಗಳಿವೆ. 1ರಿಂದ 8ರವರೆಗಿನವು 10 ಗಿಗಾಬಿಟ್‌ನವು, 9 ಮತ್ತು 10 ಎಂಬೆರಡು 40 ಗಿಗಾಬಿಟ್‌ನವು. ಚಾಸಿಸ್‌ನಲ್ಲಿ ಒಂದೇ ಸೂಪರ್‌ವೈಸರ್ ಇರುವಾಗ ಆ ಕಾರ್ಡಿಗೆ ಒಟ್ಟು 80 ಗಿಗಾಬಿಟ್ ಅಪ್‌ಲಿಂಕ್ ಸಿಗುತ್ತದೆ. ಎರಡನೆಯದು ಬಂದ ಕೂಡಲೇ ಅದೇ 80 ಇಬ್ಬರಿಗೂ ಪಾಲಾಗಿ ತಲಾ 40 ಆಗುತ್ತದೆ. ಎಂದರೆ ಪ್ರತಿ ಕಾರ್ಡಿನಲ್ಲಿ 1ರಿಂದ 4, ಇಲ್ಲವೇ ಅವುಗಳ ಬದಲು 9, ಇಷ್ಟೇ ಬಳಕೆಗೆ ಬರುತ್ತವೆ. 5ರಿಂದ 8 ಹಾಗೂ 10 ಸುಮ್ಮನಾಗುತ್ತವೆ. ಹಲವು ಕಡೆ ಕಾರ್ಖಾನೆ ಬೆಳೆದಂತೆಲ್ಲ ಹೊಸ ಕಟ್ಟಡಕ್ಕೆ ಎಳೆದ ಫೈಬರನ್ನು ಖಾಲಿ ಕಂಡ ಪೋರ್ಟ್‌ಗೆ ಸಿಕ್ಕಿಸಿರುತ್ತಾರೆ. ಮೊದಲು ಆಫೀಸು, ಆಮೇಲೆ ಅಸೆಂಬ್ಲಿ, ಆಮೇಲೆ ಸ್ಟೋರ್ಸ್, ಕೊನೆಗೆ ಪೇಂಟ್ ಶಾಪ್. ಸ್ಟೋರ್ಸಿನದು 5ರಲ್ಲೋ 6ರಲ್ಲೋ ಇದ್ದರೆ ನಿಮ್ಮ ಹೊಸ ಕಾರ್ಡ್ ಬೂಟ್ ಆಗುವ ಹೊತ್ತಿಗೆ ಸ್ಟೋರ್ಸಿನಿಂದ ಫೋನ್ ಬರುತ್ತದೆ. ಕಾರ್ಡ್ ಕೆಟ್ಟಿದೆ ಎಂದುಕೊಂಡು ಗಾಬರಿಯಲ್ಲಿ ಎಳೆದು ತೆಗೆಯುವುದು ಆಗಲೇ.

ಆದ್ದರಿಂದ ಮೊದಲ ಕೆಲಸ ಕಾಗದದ ಮೇಲೆ. ಮೂರನೇ ಸ್ಲಾಟ್‌ನ ಯಾವ ಪೋರ್ಟ್‌ನಿಂದ ಯಾವ ಕಟ್ಟಡಕ್ಕೆ ಫೈಬರ್ ಹೋಗಿದೆ ಎಂದು ಬರೆದುಕೊಳ್ಳಿ. 5ರಿಂದ ಆಚೆ ಇರುವುದನ್ನೆಲ್ಲ ಕಾರ್ಡ್ ಹಾಕುವ ಮುಂಚೆಯೇ ಬೇರೆಡೆಗೆ ಸಾಗಿಸುವ ಯೋಜನೆ ಮಾಡಿ. ನಿಮ್ಮಲ್ಲಿ ಫೈಬರ್ ಲೈನ್‌ಕಾರ್ಡ್ (ಬರೀ ಪೋರ್ಟ್‌ಗಳಿರುವ ಕಾರ್ಡ್) ಇದ್ದರೆ ಅಲ್ಲಿಗೆ ಸಾಗಿಸಬಹುದು. ಇಲ್ಲದಿದ್ದರೆ ನಾಲ್ಕನೇ ಸ್ಲಾಟ್‌ನ ಮೊದಲ ನಾಲ್ಕು ಪೋರ್ಟ್‌ಗಳಿವೆ. ಆದರೆ ಅವು ಹೊಸ ಕಾರ್ಡ್ ಎದ್ದು ನಿಂತ ಮೇಲಷ್ಟೇ ಸಿಗುತ್ತವೆ, ಹಾಗಾಗಿ ಆ ಕಟ್ಟಡಗಳಿಗೆ ಸ್ವಲ್ಪ ಹೊತ್ತಿನ ನಿಲುಗಡೆ ತಪ್ಪದು. ಅದನ್ನು ಮುಂಚೆಯೇ ಹೇಳಿ ಮಾಡಿಸಿಕೊಂಡರೆ ಯಾರೂ ತಕರಾರು ತೆಗೆಯುವುದಿಲ್ಲ. ಸೂಪ್-1 ಬಿಟ್ಟು ಬೇರೆ ಮಾಡೆಲ್‌ಗಳಲ್ಲಿ ಈ ಪೋರ್ಟ್ ಲೆಕ್ಕ ಬೇರೆ ಇರುತ್ತದೆ. ಈ ಉತ್ತರ ಓದುವ ಇತರರು ತಮ್ಮ ಕಾರ್ಡಿನ ಡೇಟಾಶೀಟ್ ನೋಡಿಕೊಳ್ಳಬೇಕು.

ಇದೇ ಜಾಗದಲ್ಲಿ ಇನ್ನೊಂದು ಮಾತು. ನನ್ನ ಮಟ್ಟಿಗೆ ಈ ಇಡೀ ಉತ್ತರದಲ್ಲಿ ಮುಖ್ಯವಾದದ್ದು ಇದು. ಸ್ವಿಚ್ ನಡೆಸುತ್ತಿರುವ ಕಾರ್ಡ್ ಆಕ್ಟಿವ್, ಕಾದು ಕೂತದ್ದು ಸ್ಟ್ಯಾಂಡ್‌ಬೈ. ಆದರೆ ಸ್ಟ್ಯಾಂಡ್‌ಬೈ ಸೂಪರ್‌ವೈಸರ್ ಎಂದರೆ ಅದರ ತಲೆ ಮಾತ್ರ ಸ್ಟ್ಯಾಂಡ್‌ಬೈ. ಅದರ ಮುಂದಿರುವ ಪೋರ್ಟ್‌ಗಳು ಮೊದಲ ದಿನದಿಂದಲೇ ಜೀವಂತವಾಗಿ ಟ್ರಾಫಿಕ್ ಸಾಗಿಸುತ್ತವೆ. ಇದನ್ನು ಬಳಸಿಕೊಳ್ಳದವರೇ ಹೆಚ್ಚು. ಎರಡನೇ ಕಾರ್ಡ್ ಹಾಕಿ, ಹಸಿರು ದೀಪ ನೋಡಿ, ಫೈಬರ್‌ಗಳನ್ನೆಲ್ಲ ಹಳೆಯ ಕಾರ್ಡಿನಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ನಾಳೆ ಹಳೆಯ ಕಾರ್ಡ್ ಸತ್ತರೆ ಹೊಸದು ಕ್ಷಣಾರ್ಧದಲ್ಲಿ ಅಧಿಕಾರ ವಹಿಸಿಕೊಳ್ಳುತ್ತದೆ, ಸರಿ. ಆದರೆ ಸತ್ತ ಕಾರ್ಡಿನ ಜೊತೆ ಅದರ ಪೋರ್ಟ್‌ಗಳೂ ಸಾಯುತ್ತವೆ. ಚುಕ್ಕಾಣಿ ಹಿಡಿದವನಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಆದ್ದರಿಂದ ಪ್ರತಿ ಮುಖ್ಯ ಕಟ್ಟಡಕ್ಕೂ, ಫೈರ್‌ವಾಲ್‌ಗೂ, ಸರ್ವರ್ ರ್ಯಾಕಿಗೂ ಎರಡೆರಡು ಎಳೆ ಇರಲಿ: ಒಂದು ಮೂರನೇ ಸ್ಲಾಟ್‌ನಿಂದ, ಇನ್ನೊಂದು ನಾಲ್ಕನೆಯದರಿಂದ. ಎರಡನ್ನೂ ಸೇರಿಸಿ ಒಂದು ಪೋರ್ಟ್-ಚಾನೆಲ್ ಮಾಡಿ, ಎಂದರೆ ಎರಡೂ ಎಳೆ ಒಂದೇ ಲಿಂಕಿನಂತೆ ನಡೆಯಲಿ. ಇದಕ್ಕೆ ಇನ್ನಷ್ಟು ಎಸ್‌ಎಫ್‌ಪಿ ಮಾಡ್ಯೂಲ್‌ಗಳು (ಫೈಬರ್ ಸಿಕ್ಕಿಸಲು ಪೋರ್ಟಿಗೆ ಹಾಕುವ ತುಂಡುಗಳು), ಇನ್ನಷ್ಟು ಫೈಬರ್ ಕೋರ್‌ಗಳು ಬೇಕು. ಆ ಖರ್ಚನ್ನು ಕೊಟೇಶನ್‌ನಲ್ಲಿ ಹಾಕಿರದಿದ್ದರೆ ಎರಡನೇ ಸೂಪರ್‌ವೈಸರ್‌ಗೆ ಕೊಟ್ಟ ಹಣದ ಅರ್ಧ ಫಲ ಕೈಬಿಟ್ಟಂತೆ.

ಈಗ ‘ಸಿಂಕ್’ ಎನ್ನುವುದರ ವಿಷಯ. ಇದರಲ್ಲಿ ಎರಡು ಬಗೆ. ಬೆಂಗಳೂರಿನಿಂದ ಹೊರಡುವ ರಾತ್ರಿ ಬಸ್ಸಿನಲ್ಲಿ ಇಬ್ಬರು ಡ್ರೈವರ್ ಇರುತ್ತಾರಲ್ಲ, ಹಾಗೆ ಯೋಚಿಸಿ. ಒಬ್ಬ ಓಡಿಸುವಾಗ ಇನ್ನೊಬ್ಬ ಹಿಂದಿನ ಸೀಟಿನಲ್ಲಿ ಮಲಗಿದ್ದರೆ ಅವನನ್ನು ಎಬ್ಬಿಸಿ ಕೂರಿಸುವವರೆಗೆ ಬಸ್ ನಿಲ್ಲಬೇಕು. ಇದು ಆರ್‌ಪಿಆರ್, ಇಲ್ಲಿ ಸ್ಟ್ಯಾಂಡ್‌ಬೈ ಅರ್ಧ ಮಾತ್ರ ಬೂಟ್ ಆಗಿರುತ್ತದೆ, ಕೈಬದಲಾವಣೆಯಾದಾಗ ಲೈನ್‌ಕಾರ್ಡ್‌ಗಳೂ ಮತ್ತೆ ಶುರುವಾಗಬೇಕು, ನಿಮಿಷಗಟ್ಟಲೆ ಹಿಡಿಯುತ್ತದೆ. ಎರಡನೆಯವನು ಪಕ್ಕದಲ್ಲೇ ಎಚ್ಚರವಾಗಿ ಕೂತು ರಸ್ತೆ ನೋಡುತ್ತಿದ್ದರೆ ಅದು ಎಸ್‌ಎಸ್‌ಒ. ಕಾನ್ಫಿಗರೇಶನ್, ಪೋರ್ಟ್‌ಗಳ ಸ್ಥಿತಿ, ಮ್ಯಾಕ್ ಟೇಬಲ್ (ಯಾವ ಯಂತ್ರ ಯಾವ ಪೋರ್ಟಿನಲ್ಲಿದೆ ಎಂಬ ಪಟ್ಟಿ), ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀ ಸ್ಥಿತಿ ಎಲ್ಲ ಅವನಿಗೂ ಗೊತ್ತಿರುತ್ತದೆ. ನಿಮ್ಮ ಚಾಸಿಸ್‌ನಲ್ಲಿ ಡಿಫಾಲ್ಟ್ ಆಗಿ ಇರುವುದು ಎಸ್‌ಎಸ್‌ಒ. ಆದರೆ ಷರತ್ತುಗಳು ಪೂರೈಸದಿದ್ದರೆ ಅದು ಆ ಸ್ಥಿತಿಗೆ ಬರುವುದೇ ಇಲ್ಲ. ಅಂಗಡಿಯವರು ಹೇಳುವ ‘ತಾನೇ ಆಗುತ್ತೆ’ ಮುಗ್ಗರಿಸುವುದು ಇಲ್ಲಿ.

ಷರತ್ತುಗಳು ಕಷ್ಟದವೇನಲ್ಲ. ಎರಡೂ ಒಂದೇ ಮಾಡೆಲ್ ಆಗಿರಬೇಕು. ಸೂಪ್-1 ಮತ್ತು ಸೂಪ್-1ಎಕ್ಸ್‌ಎಲ್ ನೋಡಲು ಅಣ್ಣತಮ್ಮಂದಿರಂತಿವೆ, ಆದರೆ ಒಂದೇ ಚಾಸಿಸ್‌ನಲ್ಲಿ ಒಟ್ಟಿಗೆ ಬಾಳುವುದಿಲ್ಲ. ಸ್ಟೋರ್ಸ್‌ನಲ್ಲಿರುವ ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರ್ ಅಷ್ಟೇ ಅಲ್ಲ, ಕಾರ್ಡಿನ ಮೇಲಿನದನ್ನೂ ಓದಿ; ಪೆಟ್ಟಿಗೆ ಬೇರೆ, ಒಳಗಿನ ಕಾರ್ಡ್ ಬೇರೆ ಆಗಿರುವುದುಂಟು. ಎರಡರಲ್ಲೂ ಒಂದೇ ಐಒಎಸ್-ಎಕ್ಸ್‌ಇ (ಸ್ವಿಚ್ ನಡೆಸುವ ಸಾಫ್ಟ್‌ವೇರ್) ವರ್ಷನ್ ಇರಬೇಕು, ಕೊನೆಯ ಅಂಕಿಯವರೆಗೆ. ಲೈಸೆನ್ಸ್ ಮಟ್ಟ ಒಂದೇ ಇರಬೇಕು: ಒಂದರಲ್ಲಿ ನೆಟ್‌ವರ್ಕ್ ಅಡ್ವಾಂಟೇಜ್, ಇನ್ನೊಂದರಲ್ಲಿ ನೆಟ್‌ವರ್ಕ್ ಎಸೆನ್ಷಿಯಲ್ಸ್ ಆದರೆ ಆಗದು. ಎರಡೂ ಇನ್‌ಸ್ಟಾಲ್ ಮೋಡ್‌ನಲ್ಲಿ ಬೂಟ್ ಆಗುವಂತಿರಬೇಕು, ಬೂಟ್ ವೇರಿಯಬಲ್ ಫ್ಲ್ಯಾಶ್‌ನಲ್ಲಿರುವ ಪ್ಯಾಕೇಜಸ್ ಡಾಟ್ ಕಾನ್ಫ್ ಫೈಲನ್ನು ತೋರಿಸುತ್ತಿರಬೇಕು. ತಾನಾಗಿ ಬೂಟ್ ಆಗುವ ಸೆಟ್ಟಿಂಗ್ ಇರದ ಕಾರ್ಡ್ ರೊಮ್‌ಮಾನ್ ಪ್ರಾಂಪ್ಟಿಗೆ (ಸಾಫ್ಟ್‌ವೇರ್ ಏಳುವ ಮುಂಚಿನ ಹಂತ) ಬಂದು ಸುಮ್ಮನೆ ನಿಲ್ಲುತ್ತದೆ. ಕನ್ಸೋಲ್ ಪೋರ್ಟಿಗೆ ಲ್ಯಾಪ್‌ಟಾಪ್ ಹಾಕದವರಿಗೆ ಅದು ಸತ್ತ ಕಾರ್ಡಿನಂತೆಯೇ ಕಾಣುತ್ತದೆ.

ವರ್ಷನ್ ಹೊಂದಿಸುವುದಕ್ಕೆ ಹಲವು ದಾರಿಗಳಿವೆ. ನಿಮ್ಮಂಥ ಮೂರು ಶಿಫ್ಟಿನ ಕಾರ್ಖಾನೆಗೆ ನಾನು ಹೇಳುವುದು ಒಂದನ್ನೇ: ಆ ಕೆಲಸವನ್ನು ಮಾರಿದವರಿಂದಲೇ, ಅವರ ಜಾಗದಲ್ಲೇ ಮಾಡಿಸಿ. ನಿಮ್ಮ ಸ್ವಿಚ್‌ನ ‘ಶೋ ವರ್ಷನ್’ ಔಟ್‌ಪುಟ್ ಅವರಿಗೆ ಕಳಿಸಿ. ಅವರ ಲ್ಯಾಬ್ ಚಾಸಿಸ್‌ನಲ್ಲಿ ಹೊಸ ಕಾರ್ಡಿಗೆ ಅದೇ ವರ್ಷನ್ ಹಾಕಿ, ಇನ್‌ಸ್ಟಾಲ್ ಮೋಡ್‌ನಲ್ಲಿ ಬೂಟ್ ಮಾಡಿ, ಹಳೆಯ ಕಾನ್ಫಿಗರೇಶನ್ ಅಳಿಸಿ, ಔಟ್‌ಪುಟ್‌ಗಳನ್ನು ಮೇಲ್‌ನಲ್ಲಿ ಕಳಿಸಲಿ. ಬಿಲ್ ಪಾಸ್ ಆಗುವ ಮುಂಚೆ ಕೇಳಿದರೆ ಮಾಡುತ್ತಾರೆ, ಆಮೇಲೆ ಕೇಳಿದರೆ ‘ಎಂಜಿನಿಯರ್ ಕಳಿಸ್ತೀವಿ ಸಾರ್’ ಎಂಬಲ್ಲಿಗೆ ನಿಲ್ಲುತ್ತದೆ. ಕೋಲಾರ ಬೆಂಗಳೂರಿಗೆ ಎಷ್ಟೇ ಹತ್ತಿರ ಇದ್ದರೂ ಹೊಸಕೋಟೆಯ ಟ್ರಾಫಿಕ್ ದಾಟಿ ಆ ಎಂಜಿನಿಯರ್ ಬರುವ ಹೊತ್ತಿಗೆ ನಿಮ್ಮ ನಿಲುಗಡೆಯ ಅವಧಿ ಮುಗಿದಿರುತ್ತದೆ.

ಹಳೆಯ ಕಾನ್ಫಿಗರೇಶನ್ ಅಳಿಸುವುದು ಯಾಕೆ ಎಂದು ಕೇಳಬಹುದು, ಸ್ಟ್ಯಾಂಡ್‌ಬೈ ಆಗಿ ಬಂದ ಮೇಲೆ ಹೇಗೂ ಆಕ್ಟಿವ್ ಕಾರ್ಡಿನದೇ ಅದಕ್ಕೂ ಬರುತ್ತದಲ್ಲ ಎಂದು. ಬರುತ್ತದೆ, ಅದು ಸ್ಟ್ಯಾಂಡ್‌ಬೈ ಆಗಿ ಬಂದರೆ. ಚಾಸಿಸ್ ಪೂರ್ತಿ ಆಫ್ ಮಾಡಿ, ಎರಡೂ ಕಾರ್ಡ್ ಕೂರಿಸಿ ಒಟ್ಟಿಗೆ ಆನ್ ಮಾಡಿದರೆ ಯಾರು ಆಕ್ಟಿವ್ ಆಗುತ್ತಾರೆ ಎಂಬುದು ಆ ಹೊತ್ತಿನ ಬೂಟ್ ಹೇಗಾಯಿತು ಎಂಬುದರ ಮೇಲೆ ಹೋಗುತ್ತದೆ. ಲ್ಯಾಬಿನ ಕಾನ್ಫಿಗರೇಶನ್ ಹೊತ್ತ ಕಾರ್ಡ್ ಆಕ್ಟಿವ್ ಆಗಿ ಕೂತರೆ ಅದು ತನ್ನದನ್ನೇ ನಿಮ್ಮ ಹಳೆಯ ಕಾರ್ಡಿಗೆ ಹೇರುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ತಿರುಗುಮುರುಗಾದ ಉತ್ತರವೂ ಉಂಟು: ಆಫ್ ಮಾಡದೆ ಹಾಕಬಹುದು ಮಾತ್ರವಲ್ಲ, ಆಫ್ ಮಾಡದೆ ಹಾಕುವುದೇ ಒಳ್ಳೆಯದು. ಹಳೆಯ ಕಾರ್ಡ್ ಆಗಲೇ ಆಕ್ಟಿವ್ ಆಗಿ ನಡೆಯುತ್ತಿರುವಾಗ ಬಂದ ಹೊಸದು ತೆಪ್ಪಗೆ ಸ್ಟ್ಯಾಂಡ್‌ಬೈ ಜಾಗಕ್ಕೆ ಹೋಗುತ್ತದೆ. ಏನೇ ಆಗಲಿ, ಮುಂಚೆಯೇ ನಿಮ್ಮ ಕಾನ್ಫಿಗರೇಶನ್ನಿನ ಒಂದು ಪ್ರತಿ ಸ್ವಿಚ್‌ನಿಂದ ಹೊರಗೆ, ಲ್ಯಾಪ್‌ಟಾಪ್‌ನಲ್ಲಿ ಇರಲಿ.

ವಿದ್ಯುತ್ತಿನ ಲೆಕ್ಕವನ್ನೂ ಒಮ್ಮೆ ನೋಡಿ. ‘ಶೋ ಪವರ್’ ಕೊಟ್ಟರೆ ಎಷ್ಟು ಇದೆ, ಎಷ್ಟು ಮೀಸಲಾಗಿದೆ ಎಂದು ಬರುತ್ತದೆ. ಒಂದೇ ಸೂಪರ್‌ವೈಸರ್ ಇರುವ ಚಾಸಿಸ್‌ಗಳಲ್ಲಿ ಪಿಒಇಗೆ (ನೆಟ್‌ವರ್ಕ್ ಕೇಬಲಿನಲ್ಲೇ ಕ್ಯಾಮೆರಾ, ಫೋನ್‌ಗಳಿಗೆ ವಿದ್ಯುತ್ ಕೊಡುವುದು) ಹೆಚ್ಚು ವಿದ್ಯುತ್ ಉಳಿಸಲು ಕೆಲವರು ‘ಪವರ್ ಬಜೆಟ್ ಮೋಡ್ ಸಿಂಗಲ್-ಸೂಪ್’ ಎಂಬ ಸಾಲನ್ನು ಸೇರಿಸಿರುತ್ತಾರೆ. ಎರಡನೇ ಕಾರ್ಡಿಗೆ ವಿದ್ಯುತ್ ಕಾದಿರಿಸಬೇಡ ಎಂದು ಅದರ ಅರ್ಥ. ಆ ಸಾಲು ನಿಮ್ಮ ಕಾನ್ಫಿಗರೇಶನ್‌ನಲ್ಲಿದ್ದರೆ ಮೊದಲು ತೆಗೆಯಿರಿ, ತೆಗೆದ ಮೇಲೆ ಕ್ಯಾಮೆರಾ ಮತ್ತು ಫೋನ್‌ಗಳಿಗೆ ಸಾಕಷ್ಟು ಉಳಿಯುತ್ತದೆಯೇ ನೋಡಿ.

ಇನ್ನು ಯಾವಾಗ ಹಾಕುವುದು. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಯಂತ್ರಗಳೆಲ್ಲ ನಿಲ್ಲುವ ದಿನ ಆಯುಧಪೂಜೆ, ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆ. ನಾನು ಬೇಡ ಎನ್ನುತ್ತೇನೆ. ಆ ದಿನ ಸರ್ವರ್ ರೂಮಿಗೂ ಪೂಜೆಯಾಗುತ್ತದೆ. ರ್ಯಾಕಿನ ಮುಂದೆ ಊದುಬತ್ತಿ, ಸ್ವಿಚ್‌ನ ಹಣೆಗೆ ಕುಂಕುಮ, ಬಾಗಿಲಲ್ಲಿ ಒಡೆದ ಬೂದುಗುಂಬಳ. ಗಾಳಿ ಒಳಗೆಳೆಯುವ ಫ್ಯಾನ್ ಇರುವ ಯಂತ್ರದ ಖಾಲಿ ಸ್ಲಾಟನ್ನು ಆ ಹೊತ್ತಿನಲ್ಲಿ ತೆರೆಯಬೇಡಿ. ಪೂಜೆ ರ್ಯಾಕಿನ ಬಾಗಿಲಿಗೆ ಆಗಲಿ, ಚಾಸಿಸ್‌ನ ಜಾಲರಿಗೆ ಬೇಡ. ವಾರದ ರಜೆಯ ದಿನ ಬೆಳಿಗ್ಗೆ ಒಳ್ಳೆಯದು. ಸಂಜೆ ಬೇಡ, ಏಪ್ರಿಲ್, ಮೇ ತಿಂಗಳಾದರೆ ಗುಡುಗು ಮಳೆ ಬಂದು ಕರೆಂಟ್ ಆಟವಾಡುವುದು ಆ ಹೊತ್ತಿಗೇ.

ಕೂರಿಸುವ ಕೆಲಸ ನಿಧಾನದ್ದು. ಕೋಲಾರದ ಒಣಹವೆಯಲ್ಲಿ, ಅದರಲ್ಲೂ ಎಸಿ ಹಾಕಿ ಇನ್ನಷ್ಟು ಒಣಗಿಸಿದ ಕೋಣೆಯಲ್ಲಿ, ಮೈಮೇಲೆ ಸ್ಥಿರ ವಿದ್ಯುತ್ ಸೇರುವುದು ಬಹಳ ಸುಲಭ. ನಿಮಗೆ ಚುರುಕ್ ಎನ್ನಿಸದಷ್ಟು ಸಣ್ಣ ಕಿಡಿಯೂ ಚಿಪ್ ಕೆಡಿಸಬಲ್ಲದು. ಕೆಟ್ಟದ್ದು ಅಂದೇ ಗೊತ್ತಾಗದೆ ಕೆಲವು ತಿಂಗಳ ಮೇಲೆ ವಿಚಿತ್ರ ದೋಷಗಳಾಗಿ ಕಾಣಬಹುದು. ಸ್ಥಿರ ವಿದ್ಯುತ್ ಹರಿದುಹೋಗಲು ಮಣಿಕಟ್ಟಿನ ಪಟ್ಟಿ ಬಳಸಿ. ಅದರ ತುದಿಯನ್ನು ಚಾಸಿಸ್‌ನಲ್ಲಿ ಅದಕ್ಕೆಂದೇ ಇರುವ ಜಾಗಕ್ಕೆ ಸಿಕ್ಕಿಸಿ, ಬಣ್ಣ ಬಳಿದ ರ್ಯಾಕಿಗಲ್ಲ. ಪಟ್ಟಿಯ ರೋಧ 1ರಿಂದ 10 ಮೆಗಾಓಮ್ ನಡುವೆ ಇರಬೇಕು. ನಿಮ್ಮ ಎಲೆಕ್ಟ್ರಿಕಲ್ ವಿಭಾಗದವರ ಮೀಟರಿನಲ್ಲಿ ಒಂದು ನಿಮಿಷದ ಕೆಲಸ. ವರ್ಷಾನುಗಟ್ಟಲೆ ಡ್ರಾಯರಿನಲ್ಲಿದ್ದ ಪಟ್ಟಿಯ ತಂತಿ ಒಳಗೇ ತುಂಡಾಗಿರುವುದುಂಟು.

ನಾಲ್ಕನೇ ಸ್ಲಾಟಿನ ಮುಚ್ಚಳದ ತಿರುಪು ಸಡಿಲಿಸಿ ತೆಗೆಯಿರಿ. ಟಾರ್ಚ್ ಹಾಕಿ ಒಳಗೆ ನೋಡಿ: ದೂಳು, ಬಿದ್ದ ತಿರುಪು, ಕೇಬಲ್ ಟೈ ತುಂಡು, ಏನೂ ಇರಬಾರದು. ನಿಮ್ಮ ಸುತ್ತಮುತ್ತ ಜಲ್ಲಿ ಕ್ರಷರ್‌ಗಳಿದ್ದರೆ ದೂಳಿನ ಬಗ್ಗೆ ನಾನು ಹೇಳಬೇಕಿಲ್ಲ. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿಯಿರಿ, ಒಂದು ಕೈ ಮುಂಭಾಗದಲ್ಲಿ, ಇನ್ನೊಂದು ಕೆಳಗಿನ ಲೋಹದ ತಟ್ಟೆಗೆ ಆಧಾರವಾಗಿ. ಹಿಂದಿನ ಕನೆಕ್ಟರ್‌ಗಳನ್ನು ಮುಟ್ಟಬೇಡಿ. ಎರಡು ಬದಿಯ ಲಿವರ್‌ಗಳು ಪೂರ್ತಿ ಹೊರಗೆ ತೆರೆದಿರಲಿ. ಸ್ಲಾಟಿನ ಎರಡೂ ಪಕ್ಕದ ಗೈಡ್ ರೈಲ್‌ಗಳಿಗೆ ಕಾರ್ಡಿನ ಅಂಚು ಸರಿಯಾಗಿ ಕೂತಿದೆಯೇ ನೋಡಿ ಒಳಗೆ ಸರಿಸಿ. ಅದು ಲಿವರ್‌ಗೆ ತಾಗುವವರೆಗೂ ಸಲೀಸಾಗಿ ಹೋಗಬೇಕು. ಮಧ್ಯದಲ್ಲಿ ಹಿಡಿದರೆ ತಳ್ಳಬೇಡಿ, ಹೊರಗೆ ಎಳೆದು ಮತ್ತೆ ನೋಡಿ. ಬ್ಯಾಕ್‌ಪ್ಲೇನಿನ (ಕಾರ್ಡ್‌ಗಳೆಲ್ಲ ಹಿಂದೆ ಕೂಡುವ ಹಲಗೆ) ಒಂದು ಪಿನ್ ಬಾಗಿದರೆ ಬದಲಿಸಬೇಕಾದದ್ದು ಕಾರ್ಡಲ್ಲ, ಇಡೀ ಚಾಸಿಸ್. ಲಿವರ್‌ಗೆ ತಾಗಿದ ಮೇಲೆ ಎರಡನ್ನೂ ಒಟ್ಟಿಗೆ, ಒಂದೇ ಸಮ ಮಡಚಿ. ಕಾರ್ಡನ್ನು ಕೊನೆಯ ಬೆರಳಗಲ ಒಳಗೆ ಎಳೆದು ಕೂರಿಸುವುದು ಲಿವರ್‌ಗಳ ಕೆಲಸ, ನಿಮ್ಮ ಅಂಗೈಯದಲ್ಲ. ಅರ್ಧ ಮಡಚಿ ಫೋನ್ ತೆಗೆಯಬೇಡಿ. ತಿರುಪುಗಳನ್ನು ಮೊದಲು ಕೈಯಲ್ಲಿ, ಆಮೇಲೆ ಸ್ಕ್ರೂಡ್ರೈವರ್‌ನಲ್ಲಿ ಬಿಗಿ ಮಾಡಿ.

ಆಮೇಲೆ ಕಾಯಬೇಕು. ಕಾರ್ಡ್ ಬೂಟ್ ಆಗಿ, ಸಿಂಕ್ ಮುಗಿಸಿ ಸಿದ್ಧವಾಗಲು ಹಲವು ನಿಮಿಷ ಹಿಡಿಯುತ್ತದೆ. ಹಾಕುವ ಮುಂಚೆಯೇ ಹೊಸ ಕಾರ್ಡಿನ ಕನ್ಸೋಲಿಗೂ ಒಂದು ಲ್ಯಾಪ್‌ಟಾಪ್ ಸಿಕ್ಕಿಸಿದ್ದರೆ ಬೂಟ್ ಸಂದೇಶಗಳು ಕಾಣುತ್ತವೆ. ಕೊನೆಗೆ ಅಲ್ಲಿ ‘ಸ್ಟ್ಯಾಂಡ್‌ಬೈ ಕನ್ಸೋಲ್ ಡಿಸೇಬಲ್ಡ್’ ಎಂದು ಬಂದು ಏನು ಟೈಪ್ ಮಾಡಿದರೂ ಜಗ್ಗುವುದಿಲ್ಲ. ಅದು ದೋಷವಲ್ಲ, ಹಾಗೇ ಇರಬೇಕು. ಆಜ್ಞೆಗಳೆಲ್ಲ ಆಕ್ಟಿವ್ ಕಾರ್ಡಿನಿಂದ.

ಆಕ್ಟಿವ್ ಕಡೆ ‘ಶೋ ಮಾಡ್ಯೂಲ್’ ಕೊಟ್ಟಾಗ ನಾಲ್ಕನೇ ಸ್ಲಾಟ್ ಓಕೆ ಎಂದಿದ್ದರೆ ಸಾಲದು. ‘ಶೋ ರಿಡಂಡೆನ್ಸಿ ಸ್ಟೇಟ್ಸ್’ ನೋಡಿ. ಮೈ ಸ್ಟೇಟ್ ಎದುರು 13, ಆಕ್ಟಿವ್. ಪಿಯರ್ ಸ್ಟೇಟ್ ಎದುರು 8, ಸ್ಟ್ಯಾಂಡ್‌ಬೈ ಹಾಟ್. ಇವೆರಡು ಬಂದರೆ ಮಾತ್ರ ಮುಂದಿನ ಹೆಜ್ಜೆ. ಪಿಯರ್ ಎದುರು 4, ಸ್ಟ್ಯಾಂಡ್‌ಬೈ ಕೋಲ್ಡ್ ಎಂದು ನಿಂತುಬಿಟ್ಟಿದ್ದರೆ ಹಿಂದೆ ಹೇಳಿದ ಷರತ್ತುಗಳಲ್ಲಿ ಯಾವುದೋ ಒಂದು ತಪ್ಪಿದೆ, ಮೊದಲು ವರ್ಷನ್, ಆಮೇಲೆ ಲೈಸೆನ್ಸ್ ನೋಡಿ. ದೀಪ ಹಸಿರಾಗಿದೆ ಎಂದು ಸಹಿ ಹಾಕಿ ಕಳಿಸಿದ ಎಷ್ಟೋ ಅಳವಡಿಕೆಗಳು ಒಳಗೆ ಕೋಲ್ಡ್ ಆಗಿಯೇ ಕೂತಿರುತ್ತವೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಖಾತ್ರಿ ಮಾಡಿಕೊಳ್ಳುವುದಕ್ಕೆ ಒಂದೇ ದಾರಿ: ಅದೇ ದಿನ, ನಿಲುಗಡೆಯ ಅವಧಿ ಮುಗಿಯುವ ಮುಂಚೆ, ನೀವೇ ಸ್ವಿಚ್‌ಓವರ್ (ಆಕ್ಟಿವ್ ಕಾರ್ಡಿನಿಂದ ಸ್ಟ್ಯಾಂಡ್‌ಬೈಗೆ ಅಧಿಕಾರ ಬದಲಾವಣೆ) ಮಾಡಿಸಿ. ಮೊದಲು ಕಾನ್ಫಿಗರೇಶನ್ ಸೇವ್ ಮಾಡಿ. ಶಾಪ್‌ಫ್ಲೋರಿನ ಒಂದು ಪಿಸಿಯಿಂದ ಸರ್ವರಿಗೆ, ಆಫೀಸಿನ ಒಂದರಿಂದ ಫೈರ್‌ವಾಲ್‌ನಾಚೆಗೆ ನಿಲ್ಲದ ಪಿಂಗ್ ಹಾಕಿಡಿ. ಒಂದು ಐಪಿ ಫೋನಿನಲ್ಲಿ ಮಾತು ನಡೆಯುತ್ತಿರಲಿ. ಒಂದು ಪಿಎಲ್‌ಸಿ (ಯಂತ್ರವನ್ನು ನಿಯಂತ್ರಿಸುವ ಕಂಪ್ಯೂಟರ್) ಸರ್ವರಿನೊಡನೆ ಮಾತಾಡುತ್ತಿರುವುದನ್ನು ಪ್ರೊಡಕ್ಷನ್‌ನವರೊಬ್ಬರು ಕೂತು ನೋಡುತ್ತಿರಲಿ. ಆಮೇಲೆ ‘ರಿಡಂಡೆನ್ಸಿ ಫೋರ್ಸ್-ಸ್ವಿಚ್‌ಓವರ್’. ನಿಮ್ಮ ಕನ್ಸೋಲ್ ಸಂಪರ್ಕ ಕಡಿಯುತ್ತದೆ, ಏಕೆಂದರೆ ನೀವು ಕೂತಿದ್ದ ಕಾರ್ಡ್ ಈಗ ರೀಲೋಡ್ ಆಗುತ್ತಿದೆ. ಪಕ್ಕದ ಕನ್ಸೋಲಿಗೆ ಜೀವ ಬರುತ್ತದೆ. ಎಲ್ಲ ಸರಿ ಇದ್ದರೆ ಪಿಂಗ್ ತಪ್ಪುವುದೇ ಇಲ್ಲ, ಇಲ್ಲವೇ ಒಂದೆರಡು ತಪ್ಪುತ್ತದೆ. ಲೈನ್‌ಕಾರ್ಡ್‌ಗಳು ಆರುವುದಿಲ್ಲವಾದ್ದರಿಂದ ಪಿಒಇ ಕ್ಯಾಮೆರಾಗಳು ರೀಸ್ಟಾರ್ಟ್ ಆಗಬಾರದು. ಆದವೆಂದರೆ ಅದು ಎಸ್‌ಎಸ್‌ಒ ಅಲ್ಲ.

ಪಿಂಗ್ ಚೆನ್ನಾಗಿದ್ದರೂ ರೂಟಿಂಗ್ ಕಡೆ ಒಂದು ಗುಂಡಿ ಇದೆ. ಸ್ವಿಚ್ ನಿಮ್ಮ ಫೈರ್‌ವಾಲ್ ಅಥವಾ ರೂಟರಿನೊಡನೆ ಒಎಸ್‌ಪಿಎಫ್ (ದಾರಿಗಳ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುವ ಕ್ರಮ) ಮಾತಾಡುತ್ತಿದ್ದರೆ, ಆ ನೆರೆಹೊರೆಯ ಸಂಬಂಧ ಸ್ಟ್ಯಾಂಡ್‌ಬೈಗೆ ಸಿಂಕ್ ಆಗಿರುವುದಿಲ್ಲ. ಹೊಸ ಆಕ್ಟಿವ್ ಅದನ್ನು ಮೊದಲಿನಿಂದ ಕಟ್ಟಬೇಕು. ಆ ಮಧ್ಯೆ ಹಳೆಯ ರೂಟುಗಳ ಮೇಲೇ ಪ್ಯಾಕೆಟ್ ಸಾಗಿಸುತ್ತಿರು ಎನ್ನುವ ಏರ್ಪಾಡಿಗೆ ಎನ್‌ಎಸ್‌ಎಫ್ ಎನ್ನುತ್ತಾರೆ. ಒಎಸ್‌ಪಿಎಫ್ ಕಾನ್ಫಿಗರೇಶನ್ ಒಳಗೆ ಅದನ್ನು ಆನ್ ಮಾಡಬೇಕು, ಎದುರಿನ ಫೈರ್‌ವಾಲ್‌ಗೂ ಗ್ರೇಸ್‌ಫುಲ್ ರೀಸ್ಟಾರ್ಟ್ (ಆ ಹೊತ್ತು ಹಳೆಯ ರೂಟುಗಳನ್ನು ಬಿಡದೆ ಕಾಯುವುದು) ಗೊತ್ತಿರಬೇಕು. ಇಲ್ಲದಿದ್ದರೆ ಒಳಗಿನ ನೆಟ್‌ವರ್ಕ್ ಅಲುಗದೆ ಇಂಟರ್ನೆಟ್ ಮಾತ್ರ ಬಿದ್ದು ಏಳುತ್ತದೆ. ಬರೀ ಸ್ಟ್ಯಾಟಿಕ್ (ಕೈಯಾರೆ ಬರೆದ) ರೂಟ್ ಇದ್ದರೆ ಈ ಪ್ಯಾರಾ ನಿಮಗಲ್ಲ.

ಹಳೆಯ ಕಾರ್ಡ್ ರೀಲೋಡ್ ಆಗಿ ಮತ್ತೆ ಸ್ಟ್ಯಾಂಡ್‌ಬೈ ಹಾಟ್ ಆಗುವವರೆಗೆ ಎರಡನೇ ಸ್ವಿಚ್‌ಓವರ್ ಬೇಡ. ಆದ ಮೇಲೆ ಹಿಂದಕ್ಕೂ ಒಮ್ಮೆ ಮಾಡಿ. ಕೊನೆಗೆ, ಧೈರ್ಯ ಇದ್ದರೆ, ಆಕ್ಟಿವ್ ಕಾರ್ಡನ್ನೇ ಲಿವರ್ ತೆಗೆದು ಹೊರಗೆಳೆಯಿರಿ. ಎರಡು ಎಳೆಯ ಪೋರ್ಟ್-ಚಾನೆಲ್ ಸರಿಯಾಗಿ ಕಟ್ಟಿದ್ದೀರೋ ಇಲ್ಲವೋ ಎಂದು ಹೇಳುವ ಪರೀಕ್ಷೆ ಅದು. ಫೋರ್ಸ್-ಸ್ವಿಚ್‌ಓವರ್‌ಗಿಂತ ಕಟುವಾದದ್ದು, ನಿಜಕ್ಕೆ ಹತ್ತಿರವಾದದ್ದು.

ಮೇಲಿನವರಿಗೆ ‘ಇನ್ನು ನಿಲ್ಲುವುದೇ ಇಲ್ಲ’ ಎಂದು ಬರೆದುಕೊಡಬೇಡಿ. ಎರಡನೇ ಸೂಪರ್‌ವೈಸರ್ ಕಾಯುವುದು ಒಂದು ಸೂಪರ್‌ವೈಸರ್ ಕಾರ್ಡ್ ಕೆಡುವುದರ ವಿರುದ್ಧ, ಅಷ್ಟೇ. ಜೊತೆಗೆ ಐಎಸ್‌ಎಸ್‌ಯು ಎಂಬ ಕ್ರಮದಲ್ಲಿ, ಬೆಂಬಲವಿರುವ ವರ್ಷನ್‌ಗಳ ನಡುವೆ, ದೊಡ್ಡ ನಿಲುಗಡೆ ಇಲ್ಲದೆ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಬಹುದು; ಮೂರು ಶಿಫ್ಟಿನವರಿಗೆ ಇದು ಸಣ್ಣ ಲಾಭವಲ್ಲ. ಆದರೆ ತಪ್ಪು ಕಾನ್ಫಿಗರೇಶನ್ ಕೊಟ್ಟರೆ ಅದೂ ನಿಷ್ಠೆಯಿಂದ ಎರಡಕ್ಕೂ ಸಿಂಕ್ ಆಗುತ್ತದೆ. ಶಾಪ್‌ಫ್ಲೋರಿನಲ್ಲಿ ಯಾರೋ ಒಂದು ಕೇಬಲಿನ ಎರಡೂ ತುದಿ ಒಂದೇ ಚಿಕ್ಕ ಸ್ವಿಚ್‌ಗೆ ಸಿಕ್ಕಿಸಿ ಲೂಪ್ ಎಬ್ಬಿಸಿದರೆ ಎರಡು ಸೂಪರ್‌ವೈಸರ್ ಇದ್ದೂ ಅಷ್ಟೇ. ಸಾಫ್ಟ್‌ವೇರಿನ ದೋಷ ಎರಡರಲ್ಲೂ ಒಂದೇ. ಬ್ಯಾಕ್‌ಪ್ಲೇನ್ ಒಂದು, ಫ್ಯಾನ್ ಟ್ರೇ ಒಂದು.

ಕರೆಂಟಂತೂ ಹೇಳಲೇಬೇಕು. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ವಿದ್ಯುತ್ ತಂದ ಜಿಲ್ಲೆ ನಿಮ್ಮದು, ಆದರೂ ಇಂದಿಗೂ ಡಿಜಿ (ಡೀಸೆಲ್ ಜನರೇಟರ್) ಇಲ್ಲದ ಕಾರ್ಖಾನೆ ಇಲ್ಲ. ನಾಲ್ಕು ಪವರ್ ಸಪ್ಲೈ ಇರುವ ಚಾಸಿಸ್‌ನ ನಾಲ್ಕೂ ತಂತಿಗಳು ಒಂದೇ ಯುಪಿಎಸ್‌ಗೆ, ಆ ಯುಪಿಎಸ್ ಒಂದೇ ಬ್ರೇಕರಿಗೆ ಹೋಗಿರುವುದನ್ನು ನೋಡಿ ನೋಡಿ ಸಾಕಾಗಿದೆ. ಸ್ವಿಚ್‌ಓವರ್ ಪರೀಕ್ಷೆಯ ದಿನವೇ ಒಂದು ಯುಪಿಎಸ್ ಆಫ್ ಮಾಡಿ ನೋಡಿ. ಆ ಪರೀಕ್ಷೆಗೆ ನಿಮ್ಮ ಎಲೆಕ್ಟ್ರಿಕಲ್ ಮ್ಯಾನೇಜರ್ ಹಿಂಜರಿದರೆ, ಮುಂದಿನ ದುಡ್ಡು ಎಲ್ಲಿಗೆ ಹೋಗಬೇಕೆಂದು ಅಲ್ಲೇ ತಿಳಿಯಿತು.

ಒಂದು ಗಂಟೆಯ ನಿಲುಗಡೆಯೂ ನಿಜಕ್ಕೂ ಸಹಿಸಲಾರದ ಕಾರ್ಖಾನೆಗೆ ಬೇಕಾದದ್ದು ಎರಡು ಚಾಸಿಸ್, ಎರಡು ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ವಿದ್ಯುತ್ ದಾರಿಯ ಮೇಲೆ. ಅವನ್ನು ಸ್ಟ್ಯಾಕ್‌ವೈಸ್ ವರ್ಚುವಲ್ ಮೂಲಕ ಒಂದೇ ಸ್ವಿಚ್‌ನಂತೆ ನಡೆಸಬಹುದು, ಇಲ್ಲವೇ ಬೇರೆ ಬೇರೆಯಾಗಿಟ್ಟು ಗೇಟ್‌ವೇ (ಯಂತ್ರಗಳು ಹೊರಗೆ ಹೋಗುವ ಬಾಗಿಲಿನ ವಿಳಾಸ) ಮಾತ್ರ ಎಚ್‌ಎಸ್‌ಆರ್‌ಪಿ ಎಂಬ ಕ್ರಮದಲ್ಲಿ ಹಂಚಬಹುದು. ನನಗೆ ಎರಡನೆಯದೇ ಇಷ್ಟ. ಒಂದರ ಸಾಫ್ಟ್‌ವೇರ್ ದೋಷ ಇನ್ನೊಂದಕ್ಕೆ ಅಂಟುವ ಸಂಭವ ಕಡಿಮೆ. ಹಾಗಾದರೆ ಬಂದಿರುವ ಕಾರ್ಡನ್ನು ಸ್ಟೋರ್ಸ್‌ನಲ್ಲೇ ಬಿಡಿಭಾಗವಾಗಿ ಇಟ್ಟುಕೊಳ್ಳಲೇ ಎಂದು ಕೇಳುವವರಿದ್ದಾರೆ. ಬೇಡ. ಕಪಾಟಿನಲ್ಲಿ ಕೂತ ಕಾರ್ಡ್ ಚೆನ್ನಾಗಿದೆಯೋ ಇಲ್ಲವೋ ಎಂದು ಬೇಕಾದ ದಿನದವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಅದರ ಸಾಫ್ಟ್‌ವೇರ್ ಹಿಂದೆ ಬಿದ್ದಿರುತ್ತದೆ. ಚಾಸಿಸ್‌ನಲ್ಲೇ ಇರಲಿ.

ಹಾಕಿದ ಮೇಲೆ ಮೂರು ಸಣ್ಣ ಕೆಲಸ ಬಾಕಿ. ಮ್ಯಾನೇಜ್‌ಮೆಂಟ್ ಪೋರ್ಟಿನ ಕೇಬಲ್ ಎರಡೂ ಕಾರ್ಡಿಗೂ ಹಾಕಿ, ಇಲ್ಲದಿದ್ದರೆ ಸ್ವಿಚ್‌ಓವರ್ ಆದ ರಾತ್ರಿ ಮನೆಯಿಂದ ಲಾಗಿನ್ ಆಗುವುದಿಲ್ಲ. ಸ್ಟ್ಯಾಂಡ್‌ಬೈ ಸತ್ತರೆ ಶಾಪ್‌ಫ್ಲೋರಿನಲ್ಲಿ ಯಾರಿಗೂ ತಿಳಿಯದು, ಒಂದು ದೂರೂ ಬರುವುದಿಲ್ಲ. ಆದ್ದರಿಂದ ಸಿಸ್‌ಲಾಗ್ ಅಥವಾ ಎಸ್‌ಎನ್‌ಎಂಪಿ ಎಚ್ಚರಿಕೆ ನಿಮ್ಮ ಫೋನಿಗೆ ಬರುವಂತೆ ಮಾಡಿ, ನಿಮ್ಮ ತಿಂಗಳ ಚೆಕ್‌ಲಿಸ್ಟ್‌ನಲ್ಲಿ ‘ಶೋ ರಿಡಂಡೆನ್ಸಿ ಸ್ಟೇಟ್ಸ್’ಗೆ ಒಂದು ಸಾಲು ಸೇರಿಸಿ. ನಾಲ್ಕನೇ ಸ್ಲಾಟಿನಿಂದ ತೆಗೆದ ಮುಚ್ಚಳವನ್ನು ಗುಜರಿಗೆ ಹಾಕದೆ ರ್ಯಾಕಿನ ಕೆಳಗೇ ಇಡಿ. ಕಾರ್ಡ್ ರಿಪೇರಿಗೆ ಹೋದ ದಿನ ಸ್ಲಾಟ್ ತೆರೆದಿದ್ದರೆ ಗಾಳಿ ಅಲ್ಲಿಂದಲೇ ಸೋರಿ ಉಳಿದ ಕಾರ್ಡ್‌ಗಳು ಕಾಯತೊಡಗುತ್ತವೆ.